ಡಿಪೋದಲ್ಲಿ ಅಪ್ರೆಂಟಿಸ್ ಆಗಿ ಸೇರುವವರಿಗೆ

ಮಂಗಳೂರಿನ ಬೈಕಂಪಾಡಿಯಲ್ಲಿ ದಿನಬಳಕೆ ಸಾಮಾನಿನ ಡಿಪೋ ನೋಡಿಕೊಳ್ಳುವವಳು ನಾನು. ಸೋಪು, ಬಿಸ್ಕತ್ತು, ಚಹಾಪುಡಿ, ಸೊಳ್ಳೆಬತ್ತಿ ಎಲ್ಲ ಕಾರ್ಖಾನೆಯಿಂದ ಲಾರಿಯಲ್ಲಿ ನಮ್ಮಲ್ಲಿಗೆ ಬರುತ್ತದೆ. ಇಲ್ಲಿಂದ ಮಂಗಳೂರು, ಉಡುಪಿ ಕಡೆಯ ಡಿಸ್ಟ್ರಿಬ್ಯೂಟರುಗಳಿಗೆ, ಅಲ್ಲಿಂದ ಲೈನ್ ಗಾಡಿಯಲ್ಲಿ ಅಂಗಡಿಗೆ. ಬಿ.ಕಾಂ., ಬಿಬಿಎ ಮುಗಿಸಿ ಬರುವ ಮಕ್ಕಳು ಮೊದಲ ದಿನವೇ ಕಂಪ್ಯೂಟರ್ ಲಾಗಿನ್ ಕೇಳುತ್ತಾರೆ. ನಾನು ಚಾಕ್‌ಪೀಸು, ಪ್ಯಾಡು ಕೊಟ್ಟು ಗೋದಾಮಿಗೆ ಕಳಿಸುತ್ತೇನೆ. ಪರದೆಯ ಮೇಲಿನ ಅಂಕಿ ಸರಿಯೋ ತಪ್ಪೋ ಎಂದು ಹೇಳಲು ಬರುವುದು ಪೆಟ್ಟಿಗೆ ಮುಟ್ಟಿ ನೋಡಿದವರಿಗೆ ಮಾತ್ರ.

ಸೇರುವ ಮೊದಲು ಕಾಗದಪತ್ರ ನೋಡಿಕೊಳ್ಳಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ನಿಮ್ಮ ಮತ್ತು ಸಂಸ್ಥೆಯ ನಡುವೆ ಕರಾರು ಆಗಬೇಕು, ಅದು ಸರಕಾರದ ಪೋರ್ಟಲ್‌ನಲ್ಲಿ ನೋಂದಣಿಯಾಗಬೇಕು. ಬಾಯಿಮಾತಿಗೆ ಒಪ್ಪಬೇಡಿ. 2019ರಲ್ಲಿ ತಿದ್ದಿದ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000, ಪಿಯುಸಿ ಮುಗಿಸಿದವರಿಗೆ 7,000 ರೂಪಾಯಿ ಸ್ಟೈಪೆಂಡ್ ಗೊತ್ತುಮಾಡಿದ್ದರು. ನೀವು ಸೇರುವಾಗ ಜಾರಿಯಲ್ಲಿರುವ ಮೊತ್ತವನ್ನು ಕೇಳಿ ತಿಳಿದುಕೊಳ್ಳಿ, ಸಂಕೋಚ ಬೇಡ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಸಂಸ್ಥೆಗಿಲ್ಲ ಎಂಬುದೂ ಮನೆಯವರಿಗೆ ಗೊತ್ತಿರಲಿ.

ಮೊದಲ ಪಾಠ ಅನ್‌ಲೋಡಿಂಗ್. ಲಾರಿ ಬಂದಾಗ ಸೀಲ್ ನಂಬರು, ಗಾಡಿ ನಂಬರು, ಇನ್‌ವಾಯ್ಸು, ಇ-ವೇ ಬಿಲ್ಲು (ಸಾಮಾನು ಸಾಗಣೆಯ ಜಿಎಸ್‌ಟಿ ಚೀಟಿ) ಇಷ್ಟನ್ನೂ ತಾಳೆ ನೋಡಿದ ಮೇಲೆಯೇ ಬಾಗಿಲು ತೆರೆಸಿ. ಇ-ವೇ ಬಿಲ್ಲಿಗೆ 200 ಕಿಲೋಮೀಟರಿಗೆ ಒಂದು ದಿನದಂತೆ ಅವಧಿ. ಬೆಂಗಳೂರಿನಿಂದ ಬರುವ ಲಾರಿಗೆ ಎರಡು ದಿನ ಸಿಗುತ್ತದೆ, ಸಾಮಾನ್ಯವಾಗಿ ಸಾಕು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಲಾರಿ ಸಕಲೇಶಪುರದಲ್ಲೇ ನಿಂತರೆ ಸಾಕಾಗುವುದಿಲ್ಲ. ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ, ಮುಗಿದ ಎಂಟು ಗಂಟೆಯೊಳಗೆ ಅದನ್ನು ವಿಸ್ತರಿಸಲು ಅವಕಾಶವಿದೆ. ಹಾಗಾಗಿ ಲಾರಿ ಎಲ್ಲಿದೆ ಎಂದು ಡ್ರೈವರಣ್ಣನಿಗೆ ಫೋನು ಮಾಡುತ್ತಿರುವುದೂ ನಿಮ್ಮ ಕೆಲಸವೇ.

ಆಟಿ ತಿಂಗಳ ಮಳೆಯಲ್ಲಿ ಬಂದ ಲೋಡಿನಲ್ಲಿ ಮೇಲಿನ ಸಾಲು, ಹಿಂಬಾಗಿಲ ಪಕ್ಕದ ಸಾಲು ಇವೆರಡನ್ನು ಅಂಗೈಯಿಟ್ಟು ಒತ್ತಿ ನೋಡಿ. ಒಣಗಿದ ರಟ್ಟು ಎದುರೊತ್ತುತ್ತದೆ, ನೀರು ಕುಡಿದದ್ದು ಒಳಗೆ ಹೋಗುತ್ತದೆ. ಒದ್ದೆಯಾದದ್ದು, ಒಡೆದದ್ದು ಎಷ್ಟೆಂದು ಎಲ್‌ಆರ್ (ಲಾರಿಯವರ ಸಾಗಣೆ ರಸೀದಿ) ಮೇಲೆ ಬರೆದು, ಫೋಟೋ ತೆಗೆದು, ಡ್ರೈವರನ ಸಹಿ ಹಾಕಿಸಿಕೊಂಡ ಮೇಲೆಯೇ ಗಾಡಿ ಬಿಡಿ. ಗಾಡಿ ಗೇಟು ದಾಟಿದ ಮೇಲೆ ಕ್ಲೇಮು ಪಾಸು ಮಾಡಿಸುವುದು ಬಹಳ ಕಷ್ಟ.

ಇನ್ನು ತಾರೀಕು. ಮೊದಲು ಬಂದದ್ದು ಮೊದಲು ಹೊರಗೆ ಎಂದು ಕಾಲೇಜಿನಲ್ಲಿ ಓದಿರುತ್ತೀರಿ. ತಿನ್ನುವ ಸಾಮಾನಿಗೆ ಅಷ್ಟು ಸಾಲದು, ಮೊದಲು ಅವಧಿ ಮುಗಿಯುವುದು ಮೊದಲು ಹೊರಗೆ ಹೋಗಬೇಕು. ನಿನ್ನೆ ಇಳಿಸಿದ ಬಿಸ್ಕತ್ತಿನ ಬ್ಯಾಚು ಹೋದ ವಾರದ್ದಕ್ಕಿಂತ ಹಳೆಯದಾಗಿರಬಹುದು, ಬೇರೆ ಡಿಪೋದಿಂದ ವರ್ಗವಾಗಿ ಬಂದ ಸ್ಟಾಕಿನಲ್ಲಿ ಇದು ಮಾಮೂಲು. ಚಾಕ್‌ಪೀಸು ಕೊಡುವುದು ಇದಕ್ಕೇ. ಪ್ರತಿ ಪ್ಯಾಲೆಟ್ಟಿನ (ಪೆಟ್ಟಿಗೆ ಜೋಡಿಸುವ ಹಲಗೆಯ) ಎದುರು ಅವಧಿ ಮುಗಿಯುವ ತಿಂಗಳು ದೊಡ್ಡದಾಗಿ ಬರೆಯಿರಿ, ಲೋಡಿಂಗಿನವರಿಗೆ ದೂರದಿಂದಲೇ ಕಾಣಬೇಕು.

ಜೋಡಿಸುವುದನ್ನು ಪುಸ್ತಕಕ್ಕಿಂತ ಲೋಡಿಂಗ್ ಅಣ್ಣಂದಿರಿಂದ ಕಲಿಯಿರಿ. ಸೊಳ್ಳೆಬತ್ತಿ, ಅಗರಬತ್ತಿ, ಸೋಪಿನ ಪಕ್ಕ ಚಹಾಪುಡಿ, ಬಿಸ್ಕತ್ತು ಬೇಡ, ವಾಸನೆ ಹಿಡಿದುಬಿಡುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಗೋಡೆ ಬೆವರುತ್ತದೆ, ಆದ್ದರಿಂದ ಗೋಡೆಗೂ ಸಾಮಾನಿಗೂ ನಡುವೆ ಒಬ್ಬರು ನಡೆಯುವಷ್ಟು ಜಾಗ ಬೇಕು, ನೆಲಕ್ಕೆ ತಾಗಿಸಿ ಏನನ್ನೂ ಇಡಬಾರದು. ಎಷ್ಟು ಸಾಲು ಏರಿಸಬಹುದೆಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದೆ, ಮಳೆಗಾಲದಲ್ಲಿ ಅದಕ್ಕಿಂತ ಒಂದು ಸಾಲು ಕಡಿಮೆ ಇಡಿ ಎನ್ನುತ್ತೇನೆ ನಾನು. "ಅಡಿಯ ಬಾಕ್ಸು ಕೂತಿದೆ ಅಕ್ಕ" ಎಂದು ಯಾರಾದರೂ ಹೇಳಿದರೆ ಆ ಕ್ಷಣವೇ ಮೇಲಿನದನ್ನು ಇಳಿಸಿ. ಗೋದಾಮಿನಲ್ಲಿ ಓಡುವ ಮಾತು ತುಳು, ಬ್ಯಾರಿ. ನಾಲ್ಕು ಮಾತು ಕಲಿತುಕೊಂಡರೆ ಕೆಲಸ ಅರ್ಧ ಹಗುರ.

ದಿನವೂ ಸಂಜೆ ಕೆಲವು ಐಟಂ ಆರಿಸಿ ಎಣಿಸಿ, ಸಿಸ್ಟಮ್ಮಿನ ಲೆಕ್ಕದೊಂದಿಗೆ ಹೋಲಿಸಿ. ವ್ಯತ್ಯಾಸ ಬಂದರೆ ಕಳವೆಂದು ಗಾಬರಿಯಾಗಬೇಡಿ. ಕೇಸಿನ (ಇಡೀ ಪೆಟ್ಟಿಗೆಯ) ಜಾಗದಲ್ಲಿ ಬಿಡಿ ಪೀಸು ಎಂಟ್ರಿಯಾಗಿರಬಹುದು, ಒಂದೇ ಅಳತೆಯ ಮಲ್ಲಿಗೆ ಸೋಪಿನ ಬದಲು ಗುಲಾಬಿ ಹೋಗಿರಬಹುದು, ಡ್ಯಾಮೇಜ್ ಮೂಲೆಯಲ್ಲಿ ಎರಡು ಪೆಟ್ಟಿಗೆ ಲೆಕ್ಕಕ್ಕೆ ಬಾರದೆ ಕೂತಿರಬಹುದು. ಕಾರಣ ಸಿಗುವವರೆಗೆ ಹುಡುಕಿ, ಸಿಕ್ಕಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಎರಡನೇ ಹಂತದಲ್ಲಿ ಲೈನ್ ಗಾಡಿ ಹತ್ತಿ. ನಮ್ಮ ಬಿಲ್ಲು ಡಿಸ್ಟ್ರಿಬ್ಯೂಟರಿಗೆ ಆದರೆ ಅದು ಪ್ರೈಮರಿ, ಅವರಿಂದ ಅಂಗಡಿಗೆ ಹೋದದ್ದು ಸೆಕೆಂಡರಿ. ತಿಂಗಳ ಕೊನೆಗೆ ಪ್ರೈಮರಿ ಎಷ್ಟೇ ಏರಲಿ, ಸೆಕೆಂಡರಿ ಏಳದಿದ್ದರೆ ಸಾಮಾನು ಡಿಸ್ಟ್ರಿಬ್ಯೂಟರ ಗೋದಾಮಿನಲ್ಲಿ ಕೊಳೆಯುತ್ತಿದೆ ಎಂದೇ ಅರ್ಥ. ಮಣಿಪಾಲದಲ್ಲಿ ಹಾಸ್ಟೆಲು ತುಂಬಿದಾಗ ನೂಡಲ್ಸು ಹೇಗೆ ಹೋಗುತ್ತದೆ, ರಜೆಯಲ್ಲಿ ಹೇಗೆ ನಿಲ್ಲುತ್ತದೆ ನೋಡಿ. ಹೆಬ್ರಿಯ ಸಣ್ಣ ಅಂಗಡಿಯವರು ಶಾಂಪೂ ಬಾಟಲಿ ಬಿಟ್ಟು ಪೌಚಿನ ಸರವನ್ನೇ ಯಾಕೆ ಕೇಳುತ್ತಾರೆ, ಅವರ ಬಾಯಿಂದಲೇ ಕೇಳಿ.

ಮುಂದಿನ ಮಾರಾಟದ ಅಂದಾಜು ಹಾಕಲು ಕೂತಾಗ ಇದೆಲ್ಲ ಕೈಹಿಡಿಯುತ್ತದೆ. ಹೋದ ವರ್ಷದ ಇದೇ ತಿಂಗಳ ಮಾರಾಟ ನೋಡಿ ಈ ವರ್ಷದ್ದು ಹೇಳುವವರಿದ್ದಾರೆ. ಆದರೆ ರಂಜಾನ್ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಮುಂಚೆ ಬರುತ್ತದೆ, ಅಷ್ಟಮಿ, ಚೌತಿಯ ತಾರೀಕೂ ಬದಲಾಗುತ್ತದೆ. ಹಬ್ಬಕ್ಕೆ ಹಬ್ಬ ಹೋಲಿಸಿ, ತಿಂಗಳಿಗೆ ತಿಂಗಳಲ್ಲ. ಘಾಟಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. 2018ರ ಆಗಸ್ಟ್‌ನಲ್ಲಿ ಶಿರಾಡಿಯ ಜೊತೆಗೆ ಮಡಿಕೇರಿ ಸಂಪಾಜೆ ದಾರಿಯೂ ಕುಸಿದಿತ್ತು. ಒಂದು ದಾರಿ ಮುಚ್ಚಿದರೆ ಇನ್ನೊಂದಿದೆ ಎಂಬ ಲೆಕ್ಕ ಈ ಕಡೆ ನಡೆಯುವುದಿಲ್ಲ, ಮೇ ಕೊನೆಯೊಳಗೆ ಹೆಚ್ಚುವರಿ ಸ್ಟಾಕು ಇಳಿಸಿಕೊಂಡಿರಬೇಕು.

ತರಬೇತಿಯ ಅವಧಿ ಮುಗಿಯುವಾಗ ಮೌಲ್ಯಮಾಪನ, ಪ್ರಮಾಣಪತ್ರ ಕೇಳಿ ಮಾಡಿಸಿಕೊಳ್ಳಿ. ಹೆಸರು, ತಾರೀಕು ಕರಾರಿನಲ್ಲಿದ್ದಂತೆಯೇ ಇರಲಿ. ಮುಂದಿನ ಸಂದರ್ಶನಕ್ಕೆ ಹೋಗುವಾಗ ಅದರ ಜೊತೆಗೆ ವ್ಯತ್ಯಾಸ ಬರೆದಿಟ್ಟ ಆ ನೋಟ್‌ಬುಕ್ಕನ್ನೂ ಒಯ್ಯಿರಿ. ಕೆಲಸಕ್ಕೆ ಜನ ತೆಗೆದುಕೊಳ್ಳಲು ಕೂತಾಗ ನಾನು ಮೊದಲು ಕೇಳುವುದು ಅದನ್ನೇ.