ಇಲ್ಲಿ ಡೀಸೆಲ್ ಏಕೆ ದುಬಾರಿ, ದರ ಏಕೆ ಏರುತ್ತದೆ: ನ್ಯೂಜೆರ್ಸಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಎಡಿಸನ್, ಇಸೆಲಿನ್, ಪ್ಲೇನ್ಸ್‌ಬರೋ ಕಡೆ ಹೊಸದಾಗಿ ಮನೆ ಮಾಡಿದ ನಮ್ಮವರು ಕಾರು ಕೊಂಡ ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆಯೊಂದಿದೆ. ಊರಿನಲ್ಲಿ ಯಾವತ್ತೂ ಪೆಟ್ರೋಲಿಗಿಂತ ಅಗ್ಗವಾಗಿದ್ದ ಡೀಸೆಲ್ ಇಲ್ಲಿ ಏಕೆ ಹೆಚ್ಚು ಬೆಲೆಗೆ ಮಾರಾಟವಾಗುತ್ತದೆ? ಇದನ್ನು ತಿಳಿದುಕೊಂಡರೆ ಕಾರು ಆರಿಸುವಾಗ, ಬಾಡಿಗೆ ಮನೆ ನೋಡುವಾಗ, ತಿಂಗಳ ಖರ್ಚಿನ ಅಂದಾಜು ಹಾಕುವಾಗ ನಿಜವಾದ ಪ್ರಯೋಜನವಿದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಊರಿನ ಲೆಕ್ಕವನ್ನು ಸರಿಯಾಗಿ ನೋಡೋಣ. ಕರ್ನಾಟಕದಲ್ಲಿ ಡೀಸೆಲ್ ಅಗ್ಗವಾಗಿರುವುದಕ್ಕೆ ಮುಖ್ಯ ಕಾರಣ ತೆರಿಗೆಯೇ ಹೊರತು ಅದನ್ನು ತಯಾರಿಸುವ ಖರ್ಚು ಕಡಿಮೆ ಎಂಬುದಲ್ಲ. ಲಾರಿ, ಬಸ್ಸು, ಟ್ರ್ಯಾಕ್ಟರ್‌ಗಳೆಲ್ಲ ಡೀಸೆಲ್‌ನಲ್ಲಿ ಓಡುವುದರಿಂದ ಕೇಂದ್ರ ಮತ್ತು ರಾಜ್ಯ ಸರ್ಕಾರಗಳೆರಡೂ ಅದರ ಮೇಲಿನ ತೆರಿಗೆಯನ್ನು ಬಹುಕಾಲದಿಂದ ಪೆಟ್ರೋಲಿಗಿಂತ ಕಡಿಮೆ ಇಟ್ಟುಕೊಂಡು ಬಂದಿವೆ. 2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 21.17ಕ್ಕೆ ಏರಿಸಿದಾಗಲೂ ಪೆಟ್ರೋಲ್ ಮೇಲಿನ ತೆರಿಗೆ ಶೇ. 29.84 ಇತ್ತು. 2014ರ ಅಕ್ಟೋಬರ್‌ವರೆಗೆ ಡೀಸೆಲ್ ದರವನ್ನು ಕೇಂದ್ರ ಸರ್ಕಾರವೇ ಹಿಡಿದಿಟ್ಟಿತ್ತು. ಹೀಗೆ ನಮ್ಮ ಮನಸ್ಸಿನಲ್ಲಿ ಡೀಸೆಲ್ ಎಂದರೆ ಅಗ್ಗ ಎಂಬ ಭಾವನೆ ನೆಲೆಸಿರುವುದು ಸರ್ಕಾರದ ನೀತಿಯಿಂದ. ಇಲ್ಲಿನ ನೀತಿ ಇದಕ್ಕೆ ತಿರುಗುಮುರುಗು.

ಅಮೆರಿಕದ ಕೇಂದ್ರ ಸರ್ಕಾರ ಗ್ಯಾಲನ್‌ಗೆ (ಅಂದರೆ 3.785 ಲೀಟರಿಗೆ) ಪೆಟ್ರೋಲ್ ಮೇಲೆ 18.4 ಸೆಂಟ್, ಡೀಸೆಲ್ ಮೇಲೆ 24.4 ಸೆಂಟ್ ತೆರಿಗೆ ವಿಧಿಸುತ್ತದೆ. 1993ರಿಂದ ಈ ದರಗಳು ಹೆಚ್ಚೂಕಡಿಮೆ ಅಲ್ಲೇ ನಿಂತಿವೆ. ರಸ್ತೆಯನ್ನು ಹೆಚ್ಚು ಸವೆಸುವುದು ಭಾರಿ ಟ್ರಕ್ಕುಗಳು, ಆದ್ದರಿಂದ ಅವುಗಳ ಇಂಧನವೇ ಹೆಚ್ಚು ಕೊಡಬೇಕು ಎಂಬ ಆಲೋಚನೆ ಇದರ ಹಿಂದಿದೆ. ಇದರ ಮೇಲೆ ರಾಜ್ಯದ ತೆರಿಗೆ ಸೇರುತ್ತದೆ. 2025ರ ಆರಂಭದಲ್ಲಿ ನ್ಯೂಜೆರ್ಸಿಯ ತೆರಿಗೆ ಪೆಟ್ರೋಲಿಗೆ 44.9 ಸೆಂಟ್, ಡೀಸೆಲ್‌ಗೆ 51.9 ಸೆಂಟ್ ಆಗಿತ್ತು. ಎರಡನ್ನೂ ಕೂಡಿಸಿದರೆ ತೆರಿಗೆಯಲ್ಲೇ ಡೀಸೆಲ್ ಗ್ಯಾಲನ್‌ಗೆ 13 ಸೆಂಟ್ ಮುಂದಿದೆ. ನದಿ ದಾಟಿ ಪೆನ್ಸಿಲ್ವೇನಿಯಾಕ್ಕೆ ಹೋದರೆ ಎರಡೂ ತೆರಿಗೆಗಳು ಇನ್ನೂ ಹೆಚ್ಚು, ಅಂತರವೂ ಹೆಚ್ಚು. ಆ ಕಡೆ ಪ್ರವಾಸಕ್ಕೆ ಹೊರಡುವವರು ಇಲ್ಲಿಯೇ ಟ್ಯಾಂಕ್ ತುಂಬಿಸಿಕೊಂಡು ಹೋಗುವುದು ಇದೇ ಕಾರಣಕ್ಕೆ.

ಆದರೆ ಫಲಕದಲ್ಲಿ ಕಾಣುವ ವ್ಯತ್ಯಾಸ ಎಷ್ಟೋ ಬಾರಿ 13 ಸೆಂಟಿಗಿಂತ ಬಹಳ ದೊಡ್ಡದಾಗಿರುತ್ತದೆ. ಉಳಿದದ್ದು ಎಲ್ಲಿಂದ ಬಂತು? ಅಮೆರಿಕದಲ್ಲಿಯೂ ಒಂದು ಕಾಲಕ್ಕೆ, ಚಳಿಗಾಲದ ಕೆಲವು ತಿಂಗಳು ಬಿಟ್ಟರೆ, ಡೀಸೆಲ್ಲೇ ಅಗ್ಗವಾಗಿತ್ತು. 2004ರ ಸೆಪ್ಟೆಂಬರ್‌ನಿಂದೀಚೆಗೆ ಸಾಮಾನ್ಯವಾಗಿ ವರ್ಷವಿಡೀ ಅದೇ ದುಬಾರಿ. ಆ ಹೊತ್ತಿಗೆ ಚೀನಾ, ಯುರೋಪ್, ಅಮೆರಿಕ ಎಲ್ಲೆಡೆ ಡೀಸೆಲ್ ಮತ್ತು ಅದೇ ಬಗೆಯ ತೈಲಗಳಿಗೆ ಬೇಡಿಕೆ ಏರುತ್ತಿತ್ತು. ಅದರ ಬೆನ್ನಿಗೇ 2006ರಲ್ಲಿ ಹೆದ್ದಾರಿಯ ಡೀಸೆಲ್‌ನಲ್ಲಿ ಗಂಧಕದ ಪ್ರಮಾಣವನ್ನು ಹತ್ತು ಲಕ್ಷದಲ್ಲಿ 500 ಭಾಗದಿಂದ 15 ಭಾಗಕ್ಕೆ ಇಳಿಸುವ ನಿಯಮ ಜಾರಿಗೆ ಬಂತು. ಗಂಧಕ ತೆಗೆಯಲು ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ಬಳಸುವ ಘಟಕಗಳು ಬೇಕು, ಅವಕ್ಕೆ ದೊಡ್ಡ ಬಂಡವಾಳ ಬೇಕು, ಆ ಖರ್ಚು ದರದೊಳಗೆ ಸೇರಿತು. ಇದನ್ನು ಅನಗತ್ಯ ಹೊರೆ ಎಂದು ನಾನು ಭಾವಿಸುವುದಿಲ್ಲ. ಟ್ರಕ್ಕಿನ ಹಿಂದೆ ನಿಂತಾಗ ಕಪ್ಪು ಹೊಗೆ ಮುಖಕ್ಕೆ ರಾಚದೆ ಇರುವುದಕ್ಕೆ ಈ ನಿಯಮವೂ, ಅದರಿಂದ ಸಾಧ್ಯವಾದ ಹೊಗೆ ಸೋಸುವ ಉಪಕರಣಗಳೂ ಕಾರಣ.

ಇನ್ನು ತಯಾರಿಕೆಯ ಮಾತು. 42 ಗ್ಯಾಲನ್‌ನ ಒಂದು ಬ್ಯಾರೆಲ್ ಕಚ್ಚಾತೈಲದಿಂದ ಇಲ್ಲಿನ ರಿಫೈನರಿಗಳು ಸುಮಾರು 19–20 ಗ್ಯಾಲನ್ ಪೆಟ್ರೋಲ್ ತೆಗೆಯುತ್ತವೆ, ಡೀಸೆಲ್ ಸಿಗುವುದು 11ರಿಂದ 13 ಗ್ಯಾಲನ್ ಮಾತ್ರ. ಪ್ರಯಾಣಿಕರ ಕಾರುಗಳು ಬಹುತೇಕ ಪೆಟ್ರೋಲಿನಲ್ಲಿ ಓಡುವ ದೇಶವಾದ್ದರಿಂದ ಇಲ್ಲಿನ ರಿಫೈನರಿಗಳನ್ನು ಹೆಚ್ಚು ಪೆಟ್ರೋಲ್ ಕೊಡುವಂತೆಯೇ ಕಟ್ಟಲಾಗಿದೆ. ಬೇಡಿಕೆ ಏರಿತೆಂದು ನಾಳೆಯೇ ಡೀಸೆಲ್ ಪಾಲನ್ನು ದುಪ್ಪಟ್ಟು ಮಾಡಲು ಬರುವುದಿಲ್ಲ. ಡೀಸೆಲ್ ಸಿಗುವುದು ಬ್ಯಾರೆಲ್ಲಿನ ಮಧ್ಯದ ಭಾಗದಿಂದ, ಅಂದರೆ ಪೆಟ್ರೋಲಿಗಿಂತ ಭಾರವಾದ, ತಳದ ದಪ್ಪ ಎಣ್ಣೆಗಿಂತ ಹಗುರವಾದ ಭಾಗದಿಂದ; ವಿಮಾನದ ಇಂಧನವೂ ಅಲ್ಲಿಂದಲೇ ಬರಬೇಕು. ಜೊತೆಗೆ ಯುರೋಪಿನ ದೇಶಗಳು ದಶಕಗಳ ಕಾಲ ತೆರಿಗೆ ರಿಯಾಯಿತಿ ಕೊಟ್ಟು ಡೀಸೆಲ್ ಕಾರುಗಳನ್ನು ಪ್ರೋತ್ಸಾಹಿಸಿದ್ದರಿಂದ ಅಲ್ಲಿ ಡೀಸೆಲ್ ಕೊರತೆ, ಪೆಟ್ರೋಲ್ ಹೆಚ್ಚುವರಿ. ಆ ಹೆಚ್ಚುವರಿ ಪೆಟ್ರೋಲ್ ಹಡಗಿನಲ್ಲಿ ನಮ್ಮ ನ್ಯೂಯಾರ್ಕ್ ಬಂದರಿಗೆ ಬರುತ್ತದೆ, ಅಮೆರಿಕದ ದಕ್ಷಿಣ ಕರಾವಳಿಯ ಡೀಸೆಲ್ ಯುರೋಪಿಗೂ ಲ್ಯಾಟಿನ್ ಅಮೆರಿಕಕ್ಕೂ ಹೋಗುತ್ತದೆ. ಇಲ್ಲಿ ಪೆಟ್ರೋಲಿನ ದರ ತಗ್ಗಲು, ಡೀಸೆಲ್ ದರ ಏರಲು ಇದೂ ಕಾರಣ. 2020ರ ಜನವರಿಯಿಂದ ಸಮುದ್ರದ ಹಡಗುಗಳ ಇಂಧನದಲ್ಲಿ ಗಂಧಕವನ್ನು ಶೇ. 3.5ರಿಂದ 0.5ಕ್ಕೆ ಇಳಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ ಬಂದ ಮೇಲೆ ಹಡಗುಗಳೂ ಬ್ಯಾರೆಲ್ಲಿನ ಈ ಮಧ್ಯದ ಭಾಗಕ್ಕೆ ಕೈಚಾಚಿವೆ.

ನಮ್ಮ ಈಶಾನ್ಯ ರಾಜ್ಯಗಳಲ್ಲಿ ಇನ್ನೊಬ್ಬ ಪಾಲುದಾರನಿದ್ದಾನೆ, ಅದು ಮನೆ ಬೆಚ್ಚಗಿಡುವ ಹೀಟಿಂಗ್ ಆಯಿಲ್. ಇದು ಬಹುಮಟ್ಟಿಗೆ ಡೀಸೆಲ್ಲೇ. ನ್ಯೂಯಾರ್ಕ್ 2012ರಲ್ಲಿ, ನ್ಯೂಜೆರ್ಸಿ 2016ರಲ್ಲಿ ಇದಕ್ಕೂ 15 ಭಾಗದ ಗಂಧಕ ಮಿತಿಯನ್ನು ತಂದವು, ಆದ್ದರಿಂದ ಟ್ರಕ್ಕೂ ಮನೆಯ ಫರ್ನೇಸೂ ಈಗ ಒಂದೇ ದಾಸ್ತಾನಿಗೆ ಪೈಪೋಟಿ ನಡೆಸುತ್ತವೆ. ಹಳೆಯ ಮನೆಯನ್ನು ಬಾಡಿಗೆಗೆ ನೋಡುವಾಗ ಅದು ನೈಸರ್ಗಿಕ ಅನಿಲದಿಂದ ಬಿಸಿಯಾಗುತ್ತದೆಯೋ ಎಣ್ಣೆಯಿಂದಲೋ, ಎಣ್ಣೆಯಾದರೆ ಟ್ಯಾಂಕ್ ತುಂಬಿಸುವ ಖರ್ಚು ಯಾರದ್ದು ಎಂದು ಸಹಿ ಹಾಕುವ ಮೊದಲೇ ಕೇಳಿ. ನೆಲಮಾಳಿಗೆಯ ಮೂಲೆಯಲ್ಲಿ ಕಾಲುಗಳ ಮೇಲೆ ನಿಂತ ದೊಡ್ಡ ಉಕ್ಕಿನ ಟ್ಯಾಂಕ್ ಕಂಡರೆ ಅದು ಎಣ್ಣೆಯದು. ಸಾಮಾನ್ಯವಾಗಿ 275 ಗ್ಯಾಲನ್ ಅಳತೆಯದು. ಬಾಡಿಗೆ ನೂರು ಡಾಲರ್ ಕಡಿಮೆ ಎಂದು ಒಪ್ಪಿಕೊಂಡ ಕುಟುಂಬಗಳು ಜನವರಿಯಲ್ಲಿ ಒಂದೇ ಬಾರಿಗೆ ದೊಡ್ಡ ಮೊತ್ತ ತೆರಬೇಕಾಗಿ ಬಂದು ಕಷ್ಟಪಟ್ಟದ್ದನ್ನು ನಾನು ನೋಡಿದ್ದೇನೆ.

ಇಷ್ಟು ಡೀಸೆಲ್ ಮತ್ತು ಪೆಟ್ರೋಲ್ ನಡುವಿನ ಅಂತರದ ಮಾತಾಯಿತು. ಎರಡೂ ಒಟ್ಟಿಗೆ ಏರುವುದಕ್ಕೆ ಮುಖ್ಯ ಕಾರಣ ಕಚ್ಚಾತೈಲದ ದರ. ಪಂಪಿನಲ್ಲಿ ನಾವು ಕೊಡುವ ಹಣದಲ್ಲಿ ಸಾಮಾನ್ಯವಾಗಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಅದಕ್ಕೇ ಹೋಗುತ್ತದೆ. ಆ ದರ ಜಗತ್ತಿನ ಮಾರುಕಟ್ಟೆಯಲ್ಲಿ ನಿರ್ಧಾರವಾಗುತ್ತದೆ. ಜಗತ್ತು ಬಳಸುವ ತೈಲದಲ್ಲಿ ಸುಮಾರು ಐದನೇ ಒಂದು ಭಾಗದಷ್ಟು ಹಾದುಬರುತ್ತಿದ್ದ ಹೋರ್ಮುಜ್ ಜಲಸಂಧಿಯಲ್ಲಿ ಉದ್ವಿಗ್ನತೆ ಉಂಟಾದರೆ ಅದರ ಪರಿಣಾಮ ಕೆಲವೇ ದಿನಗಳಲ್ಲಿ ನಮ್ಮ ರೂಟ್ 27ರ ಬಂಕುಗಳಲ್ಲಿ ಕಾಣುತ್ತದೆ. ಅಮೆರಿಕವೇ ಜಗತ್ತಿನಲ್ಲಿ ಅತಿ ಹೆಚ್ಚು ತೈಲ ತೆಗೆಯುವ ದೇಶವಲ್ಲವೇ, ಮತ್ತೇಕೆ ಇಲ್ಲಿ ಏರಬೇಕು ಎಂದು ಹಲವರು ಕೇಳುತ್ತಾರೆ. ತೆಗೆದ ತೈಲವನ್ನು ಕಂಪನಿಗಳು ಹೆಚ್ಚು ಬೆಲೆ ಕೊಡುವವರಿಗೆ ಮಾರುತ್ತವೆ. ದೇಶದೊಳಗಿನವರಿಗೆಂದು ಬೇರೆ ದರವಿಲ್ಲ.

2020ರಿಂದ 2022ರವರೆಗಿನ ಬೆಳವಣಿಗೆ ಇದನ್ನೆಲ್ಲ ಒಟ್ಟಾಗಿ ತೋರಿಸುತ್ತದೆ. ಕೊರೊನಾ ಕಾಲದಲ್ಲಿ ಜನ ಮನೆಯಲ್ಲೇ ಉಳಿದಾಗ ಬೇಡಿಕೆ ಕುಸಿದು, 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ವಾಯಿದೆ ದರ (ಮುಂದೆ ಪಡೆಯುವ ತೈಲಕ್ಕೆ ಈಗಲೇ ಗೊತ್ತುಮಾಡುವ ದರ) ಸೊನ್ನೆಗಿಂತ ಕೆಳಗೆ ಹೋಯಿತು. ಆಗ ನಷ್ಟ ತಾಳಲಾರದೆ ಹಲವು ರಿಫೈನರಿಗಳು ಶಾಶ್ವತವಾಗಿ ಮುಚ್ಚಿದವು. ಅದಕ್ಕೂ ಮೊದಲು, 2019ರ ಜೂನ್‌ನಲ್ಲಿ ಬೆಂಕಿ ಅನಾಹುತದ ನಂತರ ಫಿಲಡೆಲ್ಫಿಯಾದ ದೊಡ್ಡ ರಿಫೈನರಿ ಮುಚ್ಚಿದ್ದರಿಂದ ನಮ್ಮ ಭಾಗಕ್ಕೆ ಆಗಲೇ ಪೆಟ್ಟು ಬಿದ್ದಿತ್ತು. ಜನ ಮತ್ತೆ ರಸ್ತೆಗಿಳಿದಾಗ ಕಚ್ಚಾತೈಲವಿದ್ದರೂ ಅದನ್ನು ಸಂಸ್ಕರಿಸುವ ಸಾಮರ್ಥ್ಯ ಸಾಲದಾಯಿತು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ, ರಷ್ಯಾದ ಡೀಸೆಲ್ಲನ್ನು ನಂಬಿದ್ದ ಯುರೋಪ್ ಬೇರೆಡೆ ಹುಡುಕಾಟ ಶುರುಮಾಡಿತು. ಆ ಜೂನ್‌ನಲ್ಲಿ ದೇಶದ ಸರಾಸರಿ ಪೆಟ್ರೋಲ್ ದರ ಐದು ಡಾಲರ್ ದಾಟಿತು, ಡೀಸೆಲ್ 5.80 ಡಾಲರ್ ಮೀರಿತು. ಪೆಟ್ರೋಲ್ ಬೇಗ ಇಳಿಯಿತು. ಡೀಸೆಲ್ ದಾಸ್ತಾನು ಆ ವರ್ಷದ ಚಳಿಗಾಲದ ಹೊಸ್ತಿಲಲ್ಲೂ ತೀರ ಕಡಿಮೆ ಇದ್ದುದರಿಂದ ಅದು ಇಳಿಯಲು ಬಹಳ ಕಾಲ ಹಿಡಿಯಿತು.

ನಮ್ಮ ಭಾಗದ ದರಕ್ಕೆ ಸ್ಥಳೀಯ ಕಾರಣಗಳೂ ಇವೆ. ಟರ್ನ್‌ಪೈಕ್‌ನಲ್ಲಿ ಎಲಿಜಬೆತ್ ಕಡೆಗೆ ಹೋಗುವಾಗ ಲಿಂಡನ್ ಬಳಿ ಕಾಣುವ ಗೋಪುರಗಳು ಮತ್ತು ಸಾಲುಸಾಲು ಬಿಳಿ ಟ್ಯಾಂಕುಗಳು ನೋಡುವವರಿಗೆ ಬರೀ ಕಾರ್ಖಾನೆ ಎನಿಸಬಹುದು. ನ್ಯೂಯಾರ್ಕ್ ಮಹಾನಗರ ಪ್ರದೇಶದ ಇಂಧನದ ಉಗ್ರಾಣ ಅದು. ಟೆಕ್ಸಾಸಿನ ಹ್ಯೂಸ್ಟನ್‌ನಲ್ಲಿ ಹೊರಡುವ ಕಲೋನಿಯಲ್ ಪೈಪ್‌ಲೈನ್ ಕೊನೆಯಾಗುವುದು ಅಲ್ಲಿಯೇ. 2021ರ ಮೇ ತಿಂಗಳಲ್ಲಿ ಸೈಬರ್ ದಾಳಿಯಿಂದ ಆ ಪೈಪ್‌ಲೈನ್ ಕೆಲವು ದಿನ ನಿಂತಾಗ ದಕ್ಷಿಣದ ರಾಜ್ಯಗಳ ಬಂಕುಗಳು ಖಾಲಿಯಾದವು. ಹಡಗು ಮತ್ತು ಸ್ಥಳೀಯ ರಿಫೈನರಿಯ ಆಸರೆಯಿದ್ದ ನಮಗೆ ಅಷ್ಟು ತೊಂದರೆಯಾಗಲಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೊ ಕೊಲ್ಲಿಯ ಕಡೆ ಚಂಡಮಾರುತದ ಸುದ್ದಿ ಬಂದರೆ ಇಲ್ಲಿ ದರ ಏರುವುದಕ್ಕೂ ಕಾರಣ ಇದೇ: ಅಲ್ಲಿನ ರಿಫೈನರಿಗಳು ಮುನ್ನೆಚ್ಚರಿಕೆಯಾಗಿ ನಿಲ್ಲುತ್ತವೆ.

ಪೆಟ್ರೋಲಿಗೆ ತನ್ನದೇ ಋತುಚಕ್ರವೂ ಉಂಟು. ಬೇಸಿಗೆಯಲ್ಲಿ ಬೇಗ ಆವಿಯಾಗದ ಮಿಶ್ರಣವನ್ನೇ ಮಾರಬೇಕೆಂಬ ನಿಯಮ ಬಂಕುಗಳಿಗೆ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಅನ್ವಯಿಸುತ್ತದೆ. ಬೇಗ ಆವಿಯಾಗುವುದು ಬ್ಯೂಟೇನ್ ಎಂಬ ಅನಿಲ; ಚಳಿಗಾಲದಲ್ಲಿ ಧಾರಾಳವಾಗಿ ಸೇರಿಸುವ ಈ ಅಗ್ಗದ ಪದಾರ್ಥವನ್ನು ಬೇಸಿಗೆಯಲ್ಲಿ ಕಡಿಮೆ ಮಾಡಬೇಕು. ಅದಕ್ಕೇ ಮಾರ್ಚ್, ಏಪ್ರಿಲ್‌ನಲ್ಲಿ ದರ ಮೇಲೇರತೊಡಗಿ ಶರತ್ಕಾಲದಲ್ಲಿ ಇಳಿಯುವುದು ವಾಡಿಕೆ. ಶರತ್ಕಾಲದಲ್ಲಿ ಡೀಸೆಲ್ ಮಾತ್ರ ಎದುರು ದಿಕ್ಕಿಗೆ ನಡೆಯಬಹುದು, ಏಕೆಂದರೆ ಆಗಲೇ ಕೊಯ್ಲು, ಆಗಲೇ ಚಳಿಗೆ ಎಣ್ಣೆ ತುಂಬಿಸುವ ಕಾಲ.

ಈಗ ದಿನಬಳಕೆಯ ವಿಷಯ. ಫಲಕದಲ್ಲಿ ಬೆಲೆಯ ಕೊನೆಗೆ ಸಣ್ಣದಾಗಿ ಬರೆದಿರುವ 9/10 ಸೆಂಟಿನ ಭಾಗವನ್ನೂ ಸೇರಿಸಿ ಓದಿ. ನಗದಿಗೂ ಕ್ರೆಡಿಟ್ ಕಾರ್ಡಿಗೂ ಹಲವು ಬಂಕುಗಳಲ್ಲಿ ಬೇರೆ ಬೇರೆ ದರವಿರುತ್ತದೆ, ದೊಡ್ಡ ಅಕ್ಷರದಲ್ಲಿ ಕಾಣುವುದು ಹೆಚ್ಚಾಗಿ ನಗದಿನದು. ನ್ಯೂಜೆರ್ಸಿಯಲ್ಲಿ ಪೆಟ್ರೋಲನ್ನು ನಾವೇ ಹಾಕಿಕೊಳ್ಳುವಂತಿಲ್ಲ; 1949ರ ಕಾನೂನಿನ ಪ್ರಕಾರ ಬಂಕಿನವರೇ ಹಾಕಬೇಕು. ಕಾರಿನ ಕಿಟಕಿ ಇಳಿಸಿ ‘ರೆಗ್ಯುಲರ್, ಫುಲ್, ಕ್ಯಾಶ್’ ಎಂದು ಸ್ಪಷ್ಟವಾಗಿ ಹೇಳಿದರೆ ಸಾಕು. ಕಾರಿನ ಕೈಪಿಡಿ ಕೇಳದಿದ್ದರೆ ಪ್ರೀಮಿಯಂ ಹಾಕಿಸುವುದು ದುಡ್ಡು ದಂಡ.

ಊರಿನ ಲೆಕ್ಕದಲ್ಲಿ ಹಳೆಯ ಡೀಸೆಲ್ ಕಾರು ಕೊಳ್ಳಲು ಹೊರಟವರು ಒಮ್ಮೆ ಯೋಚಿಸಬೇಕು. ಒಂದು ಗ್ಯಾಲನ್ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಶೇ. 14ರಷ್ಟು ಹೆಚ್ಚು ಶಕ್ತಿಯಿದೆ, ಎಂಜಿನ್ನೂ ಅದನ್ನು ಚೆನ್ನಾಗಿ ಬಳಸುತ್ತದೆ ಎಂಬುದು ನಿಜ. ಉದಾಹರಣೆಗೆ ಪೆಟ್ರೋಲ್ 3.10 ಡಾಲರ್, ಡೀಸೆಲ್ 3.70 ಡಾಲರ್ ಇದ್ದರೆ ಅಂತರ ಶೇ. 19 ಆಯಿತು, ಮೈಲೇಜಿನಲ್ಲಿ ಗಳಿಸಿದ್ದರ ಬಹುಪಾಲು ಅಲ್ಲಿಗೇ ಹೋಗುತ್ತದೆ. ಅದರ ಮೇಲೆ ಹೊಗೆಯನ್ನು ಶುದ್ಧಗೊಳಿಸಲು ಆಗಾಗ ತುಂಬಿಸಬೇಕಾದ ಯೂರಿಯಾ ದ್ರವದ ಖರ್ಚು, ಹೊಗೆ ಶುದ್ಧೀಕರಣದ ಭಾಗಗಳ ದುರಸ್ತಿ. ಹೆಚ್ಚು ದೂರ ಓಡಿಸುವವರಿಗೆ ಹೈಬ್ರಿಡ್ ಕಾರೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮಲ್ಲಿ ಡೀಸೆಲ್ ವಾಹನವಿಲ್ಲದಿದ್ದರೂ ಅದರ ದರ ನಿಮ್ಮ ಅಡುಗೆಮನೆಗೆ ಬಂದೇ ಬರುತ್ತದೆ. ಓಕ್‌ಟ್ರೀ ರಸ್ತೆಯ ಅಂಗಡಿಗಳ ಸೋನಾ ಮಸೂರಿ ಅಕ್ಕಿ, ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿ ಹಡಗಿನಿಂದಿಳಿದು ಗೋದಾಮಿಗೆ, ಗೋದಾಮಿನಿಂದ ಅಂಗಡಿಗೆ ಡೀಸೆಲ್ ಟ್ರಕ್ಕಿನಲ್ಲೇ ಬರುತ್ತವೆ, ಸಾಗಣೆದಾರರು ಇಂಧನದ ಏರಿಕೆಯನ್ನು ಬೇರೆ ಶುಲ್ಕವಾಗಿಯೇ ಸೇರಿಸುತ್ತಾರೆ. ಡೀಸೆಲ್ ಏರಿದಾಗ ದಿನಸಿಯ ಬಾಬತ್ತಿಗೂ ಸ್ವಲ್ಪ ಹೆಚ್ಚು ಎತ್ತಿಡಿ.

ಮನೆ ಬದಲಿಸಲು ಟ್ರಕ್ ಬಾಡಿಗೆಗೆ ತಂದಾಗ ವಿಶೇಷ ಎಚ್ಚರ ಬೇಕು. ಕೆಲವು ಪೆಟ್ರೋಲಿನವು, ಕೆಲವು ದೊಡ್ಡವು ಡೀಸೆಲ್‌ನವು. ಟ್ಯಾಂಕಿನ ಮುಚ್ಚಳದ ಬಳಿ ‘ಅಲ್ಟ್ರಾ ಲೋ ಸಲ್ಫರ್ ಡೀಸೆಲ್’ ಎಂದು ಬರೆದಿದೆಯೇ ಎಂದು ನೋಡಿಕೊಳ್ಳಿ. ಪಂಪಿನ ಹಿಡಿಯ ಬಣ್ಣವನ್ನು ನಂಬಬೇಡಿ. ಹಲವೆಡೆ ಡೀಸೆಲ್‌ನ ಹಿಡಿ ಹಸಿರು, ಕೆಲವು ಕಂಪನಿಗಳ ಬಂಕಿನಲ್ಲಿ ಪೆಟ್ರೋಲಿನದ್ದೇ ಹಸಿರು. ಕಾರಿಗೆ ಡೀಸೆಲ್ ಹಾಕಲು ಹೋದರೆ ನಳಿಕೆ ದಪ್ಪವಿರುವುದರಿಂದ ಸಾಮಾನ್ಯವಾಗಿ ಒಳಗೆ ಹೋಗುವುದಿಲ್ಲ, ಆದರೆ ಪೆಟ್ರೋಲಿನ ಸಣ್ಣ ನಳಿಕೆ ಡೀಸೆಲ್ ಟ್ಯಾಂಕಿನೊಳಗೆ ಸಲೀಸಾಗಿ ಇಳಿಯುತ್ತದೆ. ಹಾಗೇನಾದರೂ ತಪ್ಪು ಇಂಧನ ಬಿದ್ದದ್ದು ತಿಳಿದರೆ ಕೀಲಿ ತಿರುಗಿಸಲೇಬೇಡಿ. ಎಂಜಿನ್ ಚಾಲೂ ಆಗದಿದ್ದರೆ ಟ್ಯಾಂಕ್ ಬರಿದು ಮಾಡಿಸುವ ಖರ್ಚಿನಲ್ಲಿ ಮುಗಿಯುತ್ತದೆ. ಗಾಡಿಯನ್ನು ಪಂಪಿನ ಬಳಿಯೇ ಬಿಟ್ಟು ಬಾಡಿಗೆ ಕಂಪನಿಯ ತುರ್ತು ಸಂಖ್ಯೆಗೆ ಕರೆ ಮಾಡಿ.