ನೀರಿಗೆ 'ಎಚ್ಚರಿಕೆ' ಎಂದು ಬರೆದು ಪಾಠ ಮಾಡಿದ್ದು

ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಒಂಬತ್ತನೇ ತರಗತಿಗೆ ಪರಮಾಣು, ಅಣುಗಳ ಪಾಠ ಬಂದಾಗ ಪ್ರತಿ ವರ್ಷ ಒಂದು ಹಾಳೆ ಹಂಚುತ್ತೇನೆ. ಮೇಲೆ ದಪ್ಪ ಅಕ್ಷರದಲ್ಲಿ 'ಎಚ್ಚರಿಕೆ: ಡೈಹೈಡ್ರೋಜನ್ ಮಾನಾಕ್ಸೈಡ್' ಎಂದಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಶ್ವಾಸಕೋಶದಲ್ಲಿ ತುಂಬಿಕೊಂಡರೆ ಸಾವು. ಇದರ ಬಿಸಿ ಆವಿ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಆಮ್ಲ ಮಳೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಇದೇ. ಕ್ಯಾನ್ಸರ್ ಗಡ್ಡೆಗಳಲ್ಲೂ ಸಿಗುತ್ತದೆ. ಅಣು ವಿದ್ಯುತ್ ಸ್ಥಾವರಗಳಲ್ಲಿ ಬಳಸುತ್ತಾರೆ. ಕೊನೆಗೆ ಒಂದೇ ಪ್ರಶ್ನೆ: ಇದನ್ನು ನಿಷೇಧಿಸಬೇಕೇ?

ನಾಲ್ಕೈದು ಮಕ್ಕಳನ್ನು ಬಿಟ್ಟರೆ ಎಲ್ಲರೂ ಕೈ ಎತ್ತುತ್ತಾರೆ.

ಅದು ನೀರು. ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ಹಾಳೆಯಲ್ಲಿ ಒಂದು ಸುಳ್ಳೂ ಇಲ್ಲ. ಈ ಪಾಠದ ಮೇಲೆ ನನಗೆ ಇಷ್ಟು ಪ್ರೀತಿ ಅದಕ್ಕೇ. ಸುಳ್ಳು ಹೇಳಿ ಹೆದರಿಸಿದರೆ ಮಕ್ಕಳು ಬೇಗ ಹಿಡಿಯುತ್ತಾರೆ. ನಿಜವನ್ನೇ ಅರ್ಧ ಹೇಳಿ ಹೆದರಿಸಿದರೆ ದೊಡ್ಡವರಿಗೂ ಗೊತ್ತಾಗುವುದಿಲ್ಲ.

ಈ ಉಪಾಯ ನನ್ನದಲ್ಲ. 1983ರ ಏಪ್ರಿಲ್ ಒಂದರಂದು ಅಮೆರಿಕದ ಮಿಷಿಗನ್ ರಾಜ್ಯದ ಸಣ್ಣ ಊರಿನ ವಾರಪತ್ರಿಕೆಯೊಂದು ಇಂಥ ಸುದ್ದಿ ಹಾಕಿತ್ತು. 1997ರಲ್ಲಿ ಐಡಾಹೋ ರಾಜ್ಯದ ನೇಥನ್ ಝೋನರ್ ಎಂಬ 14 ವರ್ಷದ ಹುಡುಗ ಇದನ್ನೇ ವಿಜ್ಞಾನ ಮೇಳದ ಪ್ರಾಜೆಕ್ಟ್ ಮಾಡಿದ. 50 ವಿದ್ಯಾರ್ಥಿಗಳಲ್ಲಿ 43 ಮಂದಿ ನಿಷೇಧಿಸಿ ಎಂದರು. 2004ರಲ್ಲಿ ಕ್ಯಾಲಿಫೋರ್ನಿಯಾದ ಅಲೀಸೊ ವಿಯೆಹೊ ನಗರದಲ್ಲಿ ಈ 'ರಾಸಾಯನಿಕ' ಬಳಸಿ ಮಾಡುತ್ತಾರೆ ಎಂಬ ಕಾರಣಕ್ಕೆ ಫೋಮ್ ಕಪ್ ನಿಷೇಧಿಸುವ ವಿಷಯ ಆಡಳಿತದ ಮೇಜಿನವರೆಗೂ ಹೋಗಿತ್ತು.

ಕನ್ನಡಕ್ಕೆ ತರುವಾಗ ಮೊದಲ ವರ್ಷ ಕೆಲಸ ಕೆಟ್ಟಿತು. ಹೆಸರೂ ಕನ್ನಡದಲ್ಲೇ ಇರಲಿ ಎಂದು 'ದ್ವಿಜಲಜನಕ ಮಾನಾಕ್ಸೈಡ್' ಎಂದು ಬರೆದಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಟೀಚರ್, ಜಲ ಅಂತ ಇದೆ ಅಲ್ವಾ? ಇದು ನೀರೇ" ಎಂದಳು. ಜಲಜನಕ ಎಂದರೆ ನೀರು ಹುಟ್ಟಿಸುವುದು. ಹೈಡ್ರೋಜನ್ ಎಂಬ ಹೆಸರಿಗೂ ಗ್ರೀಕ್ ಮೂಲದಲ್ಲಿ ಅದೇ ಅರ್ಥ. ಅರ್ಥ ಕಿವಿಗೆ ಬಿದ್ದ ಕೂಡಲೇ ಹೆದರಿಕೆ ಹೋಗುತ್ತದೆ. ಈಗ ಪಾಠದ ಕೊನೆಗೆ ಎರಡೂ ಹೆಸರನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯುತ್ತೇನೆ. ಊರಿನ ಸಾಲುಗಳನ್ನೂ ಆಮೇಲೆ ತೆಗೆದೆ. 'ಲಿಂಗನಮಕ್ಕಿಯಲ್ಲಿ ಭಾರಿ ಸಂಗ್ರಹವಿದೆ', 'ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ' ಎಂದರೆ ಮಲೆನಾಡಿನ ಮಕ್ಕಳಿಗೆ ಮತ್ತೇನು ಹೇಳುವುದು ಉಳಿಯಿತು?

ಅದರ ಬದಲಿಗೆ ಒಂದು ಹೊಸ ಸಾಲು ಸೇರಿಸಿದೆ: 'ಅಡಿಕೆಗೆ ಹೊಡೆಯುವ ಕೊಳೆ ಔಷಧಿಯಲ್ಲಿ ಶೇ. 98ರಷ್ಟು ಇದೇ ಇರುತ್ತದೆ.' ಇದೂ ನಿಜ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆ ಹೊಡೆಯುವುದು ಬೋರ್ಡೋ ದ್ರಾವಣ. ಅದಕ್ಕೆ ಮೈಲುತುತ್ತ ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ., ನೀರು 100 ಲೀಟರ್.

ಆ ವರ್ಷ ಹಾಳೆ ಕೊಟ್ಟದ್ದು ಜುಲೈಯಲ್ಲಿ, ಕೊನೆಯ ಪೀರಿಯಡ್‌ನಲ್ಲಿ. ಉತ್ತರ ನಾಳೆ ಹೇಳುತ್ತೇನೆ, ಮನೆಯಲ್ಲಿ ಯೋಚಿಸಿ ಎಂದೆ. ರಾತ್ರಿಯಿಡೀ ಮಳೆ ಹೊಯ್ದು ಮರುದಿನ ಮಳೆ ರಜೆ ಘೋಷಣೆಯಾಯಿತು. ಅದರ ಮರುದಿನವೂ ರಜೆ. ಮೂರನೇ ದಿನ ಭಾನುವಾರ, ಬೆಳಿಗ್ಗೆ ಮಳೆ ಬಿಟ್ಟು ಸ್ವಲ್ಪ ಹೊಳವಾಯಿತು. ಏಳು ಗಂಟೆಗೇ ಒಬ್ಬ ಹುಡುಗನ ಅಪ್ಪನ ಫೋನ್. "ಟೀಚರ್, ಔಷಧಿಯಲ್ಲಿ ಏನೋ ವಿಷ ಇದೆ ಅಂತ ನಮ್ಮ ಹುಡುಗ ಹಾಳೆ ತೋರಿಸ್ತಿದ್ದಾನೆ. ಮರ ಹತ್ತುವವರು ಬಂದು ಕೂತಿದ್ದಾರೆ. ಹೊಡೆಸೋದೋ ಬೇಡವೋ?"

ನನ್ನ ಕೈ ತಣ್ಣಗಾಯಿತು. ಕೊಳೆ ಹೊತ್ತಿನಲ್ಲಿ ಹೊಳವು ಸಿಗುವುದೇ ಅಪರೂಪ, ಮರ ಹತ್ತುವವರು ಸಿಗುವುದು ಇನ್ನೂ ಅಪರೂಪ. ಒಂದು ದಿನ ತಪ್ಪಿದರೆ ತೋಟದ ಬುಡದಲ್ಲಿ ಅಡಿಕೆ ಉದುರಿ ಬಿದ್ದಿರುತ್ತದೆ. "ಅದು ನೀರು, ಖಂಡಿತ ಹೊಡೆಸಿ" ಎಂದು ಎಲ್ಲ ಬಿಡಿಸಿ ಹೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಆದರೆ ತಪ್ಪು ನನ್ನದೇ. ಅಂದಿನಿಂದ ಉತ್ತರ ಹೇಳದೆ ಒಂದು ಹಾಳೆಯೂ ತರಗತಿಯಿಂದ ಹೊರಗೆ ಹೋಗುವುದಿಲ್ಲ. ಇದನ್ನು ಮಾಡಲು ಹೊರಟ ಬೇರೆ ಶಿಕ್ಷಕರಿಗೂ ನಾನು ಮೊದಲು ಹೇಳುವುದು ಇದನ್ನೇ.

ಇನ್ನೊಂದು ಸಂಗತಿಯೂ ಇದೆ. ಗುಟ್ಟು ಬಿಟ್ಟುಕೊಟ್ಟ ಮೇಲೆ ಮಕ್ಕಳು ನಗುತ್ತಾರೆ. ಅಲ್ಲಿಗೇ ಬಿಟ್ಟರೆ ಎಲ್ಲ ಎಚ್ಚರಿಕೆಯೂ ಸುಮ್ನೆ ಎಂದುಕೊಂಡು ಮನೆಗೆ ಹೋಗುತ್ತಾರೆ. ಒಮ್ಮೆ ಒಬ್ಬ, "ಹಾಗಾದ್ರೆ ಮಂಗನ ಕಾಯಿಲೆ ಬೋರ್ಡೂ ಹೀಗೇನಾ ಟೀಚರ್?" ಎಂದು ಕೇಳಿಬಿಟ್ಟ. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ನಗುತ್ತಾ ದಾಟುವ ಹಾಗಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ರೋಗ ಅದು. ಇಂದಿಗೂ ಜೀವ ತೆಗೆಯುತ್ತಿದೆ. ಆ ದಿನ ಉಳಿದ ಪಾಠ ಬದಿಗಿಟ್ಟು ಎರಡನ್ನೂ ಹೋಲಿಸಿದೆವು. ಮಂಗನ ಕಾಯಿಲೆಯ ಬೋರ್ಡು ಉಣುಗು ಕಚ್ಚಿದರೆ ಬರುತ್ತದೆ ಎನ್ನುತ್ತದೆ, ಸತ್ತ ಮಂಗ ಕಂಡರೆ ತಿಳಿಸಿ ಎನ್ನುತ್ತದೆ. ಹೇಗೆ ಬರುತ್ತದೆ, ಏನು ಮಾಡಬೇಕು ಎರಡೂ ಅದರಲ್ಲಿವೆ. ನನ್ನ ಹಾಳೆಯಲ್ಲಿ ಎಷ್ಟು ಎಂಬುದೇ ಇಲ್ಲ. ನೀರನ್ನೂ ಸ್ವಲ್ಪ ಹೊತ್ತಿನಲ್ಲಿ ವಿಪರೀತ ಕುಡಿದರೆ ರಕ್ತದ ಸೋಡಿಯಂ ಇಳಿದು ಜೀವಕ್ಕೇ ಕುತ್ತು. ಹಾಗಂತ ಬಾಯಾರಿದಾಗ ಕುಡಿಯುವ ಒಂದು ಚೊಂಬು ನೀರಿಗೆ ಹೆದರಬೇಕಾ?

ಈಗ ಕೊನೆಯ ಹತ್ತು ನಿಮಿಷ ಮಕ್ಕಳೇ ಹಾಳೆ ತಿದ್ದುತ್ತಾರೆ. ಪ್ರತಿ ಸಾಲಿನ ಮುಂದೆ ನಾನು ಬಿಟ್ಟ ಅರ್ಧ ಮಾತನ್ನು ಬರೆಯಬೇಕು. ಫೋನ್ ಮಾಡಿದ್ದರಲ್ಲ, ಅವರ ಮಗ ಬರೆದ ಹಾಳೆಯನ್ನು ಇಟ್ಟುಕೊಂಡಿದ್ದೇನೆ. ಔಷಧಿಯ ಸಾಲಿನ ಮುಂದೆ ಅವನು ಪೆನ್ಸಿಲ್‌ನಲ್ಲಿ ಬರೆದಿದ್ದಾನೆ: 'ಉಳಿದ ಶೇ. 2ರಲ್ಲಿ ಮೈಲುತುತ್ತ ಮತ್ತು ಸುಣ್ಣ. ಕಣ್ಣಿಗೆ ಬೀಳಬಾರದ್ದು ಅದು. ಅಪ್ಪನಿಗೆ ಕನ್ನಡಕ ಹಾಕಿಕೊಳ್ಳಲು ಹೇಳಬೇಕು.'