ಪ್ಯಾಂಟಿನ ಸೈಜು ಬೇರೆ, ಹೊಟ್ಟೆಯ ಸುತ್ತಳತೆ ಬೇರೆ

ಉಡುಪಿಯಲ್ಲಿ 26 ವರ್ಷಗಳಿಂದ ಟೈಲರಿಂಗ್ ಮಾಡುತ್ತಿದ್ದೇನೆ. ಅಳತೆ ತೆಗೆಯುವುದೇ ಕಸುಬು. ಆದರೂ ಸ್ವಂತ ಅಣ್ಣನ ಹೊಟ್ಟೆ ನನ್ನ ಕಣ್ಣಿಗೆ ಬೀಳಲಿಲ್ಲ. ನನ್ನ ಪುಸ್ತಕದಲ್ಲಿ ಅವನ ಪ್ಯಾಂಟು ಹತ್ತು ವರ್ಷ 36 ಇಂಚೇ ಇತ್ತು. ಹೊಟ್ಟೆ ಬಂದ ಹಾಗೆಲ್ಲ ಪ್ಯಾಂಟನ್ನು ಕೆಳಗೆ ಕೆಳಗೆ ಕಟ್ಟಿಕೊಳ್ಳುತ್ತಿದ್ದ. ಹೋದ ವರ್ಷ ಎಡ ಕಿಡ್ನಿಯಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿದ ಮೇಲೆ ಸರಿಯಾದ ಜಾಗಕ್ಕೆ ಟೇಪು ಹಿಡಿದೆ. 42 ಬಂತು.

ಆ ಸರಿಯಾದ ಜಾಗ ಯಾವುದೆಂದರೆ, ಪಕ್ಕದಲ್ಲಿ ಬೆರಳಿಟ್ಟು ಕೊನೆಯ ಪಕ್ಕೆಲುಬು ಹುಡುಕಿ. ಅದರ ಕೆಳಗೆ ಸೊಂಟದ ಮೂಳೆಯ ಮೇಲಂಚು ಸಿಗುತ್ತದೆ. ಇವೆರಡರ ನಟ್ಟನಡುವೆ, ಬರಿಮೈ ಮೇಲೆ ಟೇಪು ಸುತ್ತಿ. ಬೆನ್ನ ಹಿಂದೆ ಟೇಪು ಇಳಿದುಬಿಡುತ್ತದೆ, ಹೆಚ್ಚಿನವರು ತಪ್ಪುವುದು ಅಲ್ಲೇ. ಕನ್ನಡಿಯಲ್ಲಿ ಪಕ್ಕಕ್ಕೆ ತಿರುಗಿ ನೋಡಿಕೊಳ್ಳಿ. ಹೊಟ್ಟೆ ಒಳಗೆ ಎಳೆಯಬೇಡಿ, ಉಸಿರು ಬಿಟ್ಟ ಮೇಲೆ ಓದಿ. ನಮ್ಮ ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚು. ಹೆಂಗಸರಿಗೆ 80, ಮೂವತ್ತೊಂದೂವರೆ ಇಂಚು. ಅದು ದಾಟಿದರೆ ಬಿಪಿ, ಶುಗರ್ ನೋಡಿಸಿ.

ಕಿಡ್ನಿ ಕ್ಯಾನ್ಸರಿಗೆ ಬೀಡಿ ಸಿಗರೇಟು, ಬಿಪಿ, ಬೊಜ್ಜು ಮೂರೂ ದಾರಿ ಮಾಡಿಕೊಡುತ್ತವೆ. ಬೊಜ್ಜಿನ ನಂಟಿರುವ 13 ಕ್ಯಾನ್ಸರುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಗುರುತಿಸಿದಾಗ ಕಿಡ್ನಿಯದ್ದೂ ಅದರಲ್ಲಿತ್ತು. ಅಣ್ಣನಿಗೆ ಬಂದದ್ದು ಹೆಚ್ಚಾಗಿ ಕಾಣುವ ಕ್ಲಿಯರ್ ಸೆಲ್ ಜಾತಿ. ಆ ಗಡ್ಡೆಯ ಜೀವಕಣಗಳು (ಸೆಲ್) ಕೊಬ್ಬನ್ನು ಉರಿಸುವ ಬದಲು ಹನಿ ಹನಿಯಾಗಿ ತುಂಬಿಕೊಳ್ಳುತ್ತವಂತೆ. ಲ್ಯಾಬಿನಲ್ಲಿ ಸ್ಲೈಡ್ ಮಾಡುವಾಗ ಕೊಬ್ಬು ಕರಗಿಹೋಗಿ ಕಣ ಖಾಲಿಯಾಗಿ ಕಾಣುತ್ತದೆ, ಹೆಸರು ಬಂದದ್ದು ಅದರಿಂದಲೇ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದರು. ತಿಂದ ಗೋಳಿಬಜೆಯ ಎಣ್ಣೆ ನೇರ ಕಿಡ್ನಿಗೆ ಹೋಗಿ ಕೂರುತ್ತದೆ ಎಂದು ಅತ್ತಿಗೆ ಅತ್ತದ್ದುಂಟು. ಹಾಗಲ್ಲ. ಕಣದೊಳಗಿನ ಜೀನು ಕೆಟ್ಟು ಆಗುವ ಏರುಪೇರು ಅದು.

ಆದರೂ ಎಣ್ಣೆಯ ಲೆಕ್ಕ ಇಡಿ. ಕ್ಯಾನು ಒಡೆದ ದಿನ ಅದರ ಮೇಲೆಯೇ ಪೆನ್ನಿನಲ್ಲಿ ತಾರೀಕು ಬರೆಯಿರಿ. ಅಣ್ಣನ ಮನೆಯಲ್ಲಿ ನಾಲ್ಕು ಜನಕ್ಕೆ 5 ಲೀಟರು ತಿಂಗಳಲ್ಲಿ ಮುಗಿಯುತ್ತಿತ್ತು. ತಲೆಗೆ ದಿನಕ್ಕೆ 38 ಗ್ರಾಂ, ಗ್ರಾಮಿಗೆ 9 ಕ್ಯಾಲೊರಿ. ಈಗ ಬಂಗುಡೆ ಹೆಚ್ಚಾಗಿ ಹುಳಿ-ಖಾರದ ಪುಳಿಮುಂಚಿ ಗಸಿಯಾಗುತ್ತದೆ, ಫ್ರೈ ವಾರಕ್ಕೊಮ್ಮೆ.

ಇನ್ನೊಂದು ಮಾತು ದಯವಿಟ್ಟು ಕೇಳಿ. ಮೂತ್ರ ಕೆಂಪಾದರೆ ಉಷ್ಣ ಎನ್ನಬೇಡಿ. ಅಣ್ಣನಿಗೆ ಒಂದು ದಿನ ಕೋಕಂ ಶರಬತ್ತಿನ ಬಣ್ಣದಲ್ಲಿ ಹೋಯಿತು, ನೋವಿಲ್ಲ. ಎಳನೀರು, ಬಾರ್ಲಿ ನೀರು ಕುಡಿದ, ಮರುದಿನ ನಿಂತಿತು. ನಾನೂ “ಸೆಕೆಗೆ ಅಣ್ಣ, ಹೆದರಬೇಡ” ಎಂದೆ. ಎರಡು ತಿಂಗಳ ಮೇಲೆ ಮತ್ತೆ ಬಂತು. ಆ ಎರಡು ತಿಂಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನೋವಿಲ್ಲದೆ ರಕ್ತ ಹೋದರೆ, ಒಂದೇ ಸಲವಾದರೂ, ತಾನೇ ನಿಂತರೂ, ಮೂತ್ರ ಪರೀಕ್ಷೆ ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ಬಗ್ಗೆ ಡಾಕ್ಟರನ್ನು ಕೇಳಿ. ತೆಳ್ಳಗಿದ್ದವರೂ ಕೇಳಿ. ಕಿಡ್ನಿ ಆಪರೇಷನ್ ಆದವರು ಮಾತ್ರ ತಮ್ಮಷ್ಟಕ್ಕೆ ಪಥ್ಯ ಹಿಡಿದು ತೂಕ ಇಳಿಸಲು ಹೋಗಬೇಡಿ.

ತಿಂಗಳ ಮೊದಲ ಭಾನುವಾರ ಅಣ್ಣ ಅಂಗಡಿಗೆ ಬರುತ್ತಾನೆ. ಪುಸ್ತಕದಲ್ಲಿ ಅವನ ಹೆಸರಿನ ಎದುರು ಈಗ ಎರಡು ಗೆರೆ ಹಾಕಿದ್ದೇನೆ: ಪ್ಯಾಂಟು, ಹೊಟ್ಟೆ. ಕಳೆದ ಸಲ ಹೊಟ್ಟೆ ಮೂವತ್ತೊಂಬತ್ತೂವರೆ ಇತ್ತು.